ನಾರ್ಮಲ್ ಎಂದು ಬರೆದ ಸೀಸೆ

"ತೊಳೆಯೋ ಕೈಯೇ ಕೊಳಕಾಗಿದ್ರೆ ಜಾಡಿ ಎಲ್ಲಿಂದ ಶುದ್ಧ ಆಗುತ್ತೆ?" ಎಂದು ನಮ್ಮ ಲ್ಯಾಬಿನ ಡಾಕ್ಟ್ರಮ್ಮ ಎಲ್ಲರೆದುರು ಕೇಳಿದರು. "ಎಂಟನೇ ಕ್ಲಾಸು ದಾಟದೋನ ಕೈಗೆ ಈ ಕೆಲಸ ಕೊಟ್ಟಿದ್ದು ನನ್ನದೇ ಬುದ್ಧಿಗೇಡಿತನ."

ಬಣ್ಣ ಹಾಕುವ ಕೋಣೆ ಎಂದರೆ ನಾಲ್ಕು ಜನ ನಿಂತರೆ ಐದನೆಯವನು ಉಸಿರು ಬಿಗಿಹಿಡಿಯಬೇಕು, ಅಷ್ಟು ಚಿಕ್ಕದು. ಅವತ್ತು ಹೊರಗಿನಿಂದ ಬಂದಿದ್ದ ಇಬ್ಬರು ದೊಡ್ಡ ಡಾಕ್ಟರುಗಳೂ ಅಲ್ಲಿದ್ದರು. ಸ್ಲೈಡುಗಳಿಗೆ ಬಣ್ಣ ಹಾಕುವ ಅಕ್ಕ, ಅಂದರೆ ನಮ್ಮೆಲ್ಲರ ಬಣ್ಣದಕ್ಕ, ಕೈಯಲ್ಲಿ ಚಿಮಟ ಹಿಡಿದು ತಲೆ ತಗ್ಗಿಸಿದ್ದಳು. ಪಿಎಚ್‌ಡಿ ಮಾಡುವ ದಪ್ಪ ಕನ್ನಡಕದ ಹುಡುಗ, ನಾನು ಅವನಿಗೆ ಇಟ್ಟ ಹೆಸರು ಸೋಡಾಬುಡ್ಡಿ, ಬಾಗಿಲ ಚೌಕಟ್ಟಿಗೆ ಒರಗಿ ನಗು ನುಂಗುತ್ತಿದ್ದ. ನಾನು ತೊಳೆದ ಜಾಡಿಗಳ ತಟ್ಟೆ ಹಿಡಿದು ನಡುವೆ ನಿಂತಿದ್ದೆ. ಸಿಟ್ಟು ಬಂದರೆ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ. ಅವತ್ತು ಕಿವಿಯ ಮೇಲೆ ರೊಟ್ಟಿ ಸುಡಬಹುದಿತ್ತು.

ನಾನು ಜಾಡಿ ತೊಳೆಯುವವನು. ಇದನ್ನು ತಲೆ ಎತ್ತಿಯೇ ಹೇಳುತ್ತೇನೆ. ನಮ್ಮ ಲ್ಯಾಬಿಗೆ ಬರುವುದು ಎರಡೇ ಜಾಗದ ಕಾಯಿಲೆ: ಬಾಯಿಯದು, ಗರ್ಭಕೊರಳಿನದು. ಬಾಯಿಯಿಂದ ಕೆರೆದದ್ದು, ಗರ್ಭದ ಕೊರಳಿನಿಂದ ಪುಟ್ಟ ಬ್ರಷ್ಷಿನಲ್ಲಿ ಸವರಿ ತಂದದ್ದು, ಎಲ್ಲವೂ ಗಾಜಿನ ಪಟ್ಟಿಯ ಮೇಲೆ ಕೂತು ನನ್ನ ಜಾಡಿಗಳಲ್ಲಿ ಮುಳುಗೆದ್ದೇ ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕು. ನನಗಿಂತ ಮುಂಚೆ ಆ ನಲ್ಲಿಯ ಮುಂದೆ ನಿಂತಿದ್ದವನು ನನ್ನ ಚಿಕ್ಕಪ್ಪ. ಅವನು ಕಲಿಸಿದ ಪಾಠ ಒಂದೇ: ತೊಳೆದ ಜಾಡಿಯನ್ನು ಬೆಳಕಿಗೆ ಹಿಡಿ, ನೀರು ತೆಳ್ಳಗೆ ಹಾಳೆಯಂತೆ ಜಾರಬೇಕು, ಒಂದು ಹನಿ ಎಲ್ಲಾದರೂ ಮಣಿಯಂತೆ ಕೂತರೆ ಅಲ್ಲಿ ಜಿಡ್ಡಿದೆ, ಮತ್ತೆ ಮೊದಲಿಂದ ತೊಳಿ. ಸ್ಕೂಲಿನಲ್ಲಿ ಒಂದು ಪಾಠವೂ ನನ್ನ ತಲೆಗೆ ಹತ್ತಿರಲಿಲ್ಲ. ಇದು ಹತ್ತಿತು. ಹತ್ತಿದ್ದು ಇಳಿಯಲೇ ಇಲ್ಲ.

ಗಲಾಟೆಗೆ ಕಾರಣ ಕಂದು ಬಣ್ಣ. ಅದನ್ನು ನನಗೆ ತಿಳಿಸಿಕೊಟ್ಟವರೂ ಡಾಕ್ಟ್ರಮ್ಮನೇ. ನಾನು ಮೊದಲು ಗ್ಯಾರೇಜಿನಲ್ಲಿದ್ದವನು ಎಂದು ಗೊತ್ತಾದ ದಿನ ಅವರು ಸ್ಟೂಲು ಎಳೆದುಕೊಂಡು ಕೂತು ಹೇಳಿದ್ದರು: "ಜೀವಕೋಶ ಅಂದ್ರೆ ಒಂದು ಗಾಡಿ ಅನ್ಕೋ. ಅದಕ್ಕೆ ಬ್ರೇಕ್ ಇರುತ್ತೆ. ಈ ಕ್ಯಾನ್ಸರ್ ತರೋ ವೈರಸ್ ಒಳಗೆ ಸೇರ್ಕೊಂಡು ಎರಡು ಕೈ ಚಾಚುತ್ತೆ. ಒಂದು ಕೈ ಕಾವಲುಗಾರನ ಕುತ್ತಿಗೆ ಹಿಡಿದು ಕಸದ ಬುಟ್ಟಿಗೆ ಎಸೆಯುತ್ತೆ. ಇನ್ನೊಂದು ಕೈ ಬ್ರೇಕ್ ವೈರ್ ಕಿತ್ತು ಹಾಕುತ್ತೆ. ಪಾಪ, ಕೋಶ ಮಾತ್ರ ಬ್ರೇಕ್ ಪೆಡಲ್ ಒತ್ತುತ್ತಲೇ ಇರುತ್ತೆ, ಇನ್ನೂ ಜೋರಾಗಿ, ಇನ್ನೂ ಜೋರಾಗಿ. ಆ ಒತ್ತೋ ಕಾಲಿಗೆ ಪಿ-ಹದಿನಾರು ಅಂತ ಹೆಸರು. ನಾವು ಮಾಡೋದಿಷ್ಟೇ, ಆ ಕಾಲಿಗೆ ಕಂದು ಬಣ್ಣ ಹಚ್ಚೋದು. ಬ್ರೇಕ್ ಕಾಣಲ್ಲ, ವೈರ್ ಕಾಣಲ್ಲ, ಒತ್ತಿ ಒತ್ತಿ ಸಾಯ್ತಿರೋ ಕಾಲು ಕಾಣುತ್ತೆ."

ಬ್ರೇಕಿಲ್ಲದ ಗಾಡಿ ಓಡಿಸಿದವನಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು?

ಪ್ರತಿ ಸಲ ರೋಗಿಗಳ ಸ್ಲೈಡುಗಳ ಜೊತೆ ಎರಡು ನಾರ್ಮಲ್ ಸ್ಲೈಡೂ ಹೋಗುತ್ತವೆ. ಒಂದು ಬಾಯಿಯದು, ಒಂದು ಗರ್ಭಕೊರಳಿನದು. ಆರೋಗ್ಯ ಅಂದರೆ ಹೀಗಿರುತ್ತದೆ ಎಂದು ಪಕ್ಕದಲ್ಲಿಟ್ಟು ನೋಡಲು. ಈ ನಾರ್ಮಲ್ಲನ್ನು ಹೊರಗಿನಿಂದ ತರಿಸುವುದಿಲ್ಲ, ಲ್ಯಾಬಿನ ಜನವೇ ಕೊಡುವುದು. ಮೊದಲಿನಿಂದ ಬಂದ ರೂಢಿ. ಬಾಯಿಯ ನಾರ್ಮಲ್ ನನ್ನದು. ನಾನು ಸೇದುವುದಿಲ್ಲ, ಹೊಗೆಸೊಪ್ಪು ಜಗಿಯುವುದಿಲ್ಲ, ಹಲ್ಲು ಅಷ್ಟೂ ಗಟ್ಟಿ. ಊರಿನ ಬಾಯಿಗಳಿಗೆಲ್ಲ ನನ್ನ ಕೆನ್ನೆಯೇ ಅಳತೆ. ಮನೆಯಲ್ಲಿ ಇದನ್ನು ಹೇಳಿದಾಗ ಅಮ್ಮ, "ಬಾಯಿ ಜೋರು ಅಂತ ಗೊತ್ತಿತ್ತು, ನಾರ್ಮಲ್ ಅಂತ ಗೊತ್ತಿರ್ಲಿಲ್ಲ ನೋಡು" ಎಂದಳು.

ಇನ್ನೊಂದು ನಾರ್ಮಲ್, ಗರ್ಭಕೊರಳಿನದು, ಒಂದು ಸೀಸೆಯಲ್ಲಿರುತ್ತದೆ, ಅದರ ಮೇಲೆ 'ನಾರ್ಮಲ್' ಎಂದಷ್ಟೇ ಬರೆದಿರುತ್ತದೆ. ಯಾರದು ಎಂದು ಬರೆಯುವುದಿಲ್ಲ, ಕೇಳುವುದೂ ಇಲ್ಲ. ಹಳೆಯ ಸೀಸೆ ಖಾಲಿಯಾಗಿ ಹೊಸದು ಬಂದದ್ದು, ಚಿಕ್ಕಪ್ಪ ನಿವೃತ್ತನಾಗಿ ನಾನು ಜಾಡಿಗೆ ಕೈ ಹಾಕಿದ್ದು, ಎರಡೂ ಒಂದೇ ವಾರ. ಆ ವಾರದಿಂದಲೇ ಈ ನಾರ್ಮಲ್ ಸ್ಲೈಡಿನಲ್ಲಿ ಕಂದು ಕಾಣಿಸತೊಡಗಿತು. ಆರೋಗ್ಯವಂತ ಕೋಶಗಳ ನಡುವೆ ಕಾಫಿ ಚೆಲ್ಲಿದಂತೆ. ಹಳೆಯ ಬಣ್ಣ ಜಾಡಿಯಲ್ಲಿ ಉಳಿದು ಅಂಟುತ್ತಿದೆ ಎಂದರು. ಬಣ್ಣದ ಔಷಧ ಬದಲಾಯಿಸಿದರು, ನೀರು ಬದಲಾಯಿಸಿದರು. ಸೀಸೆಯನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಅಳತೆಗೋಲನ್ನೇ ಅಳೆಯಲು ಯಾರು ಹೋಗುತ್ತಾರೆ? ಉಳಿದವನು ನಾನು. ಹೊರಗಿನ ಡಾಕ್ಟರುಗಳು ಬಂದ ದಿನವೂ ಅದೇ ಕಂದು ಬಂತು. ಡಾಕ್ಟ್ರಮ್ಮನ ತಾಳ್ಮೆ ಕೆಟ್ಟಿತು.

ನಾನು ಸುಮ್ಮನಿರುವ ಜಾತಿಯಲ್ಲ. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದೆ.

"ನನ್ನ ಕೈ ಕೊಳಕಾಗಿದ್ರೆ ನನ್ನ ಕೆನ್ನೆ ಯಾಕ್ ಮೇಡಂ ಕ್ಲೀನಾಗಿದೆ? ಅದೂ ಅದೇ ಜಾಡೀಲಿ ಮುಳುಗಿದ್ದಲ್ವಾ? ಜಾಡಿಗೇನು ಕಣ್ಣಿದೆಯಾ, ಆರಿಸಿ ಆರಿಸಿ ಅಂಟಿಸೋಕೆ?"

"ಬಂತಪ್ಪಾ ಕೆನ್ನೆ ವಿಷಯ," ಎಂದ ಸೋಡಾಬುಡ್ಡಿ. "ಸೋಪಿನ ಜಾಹೀರಾತಿಗೆ ಕಳಿಸೋಣ ಇವನನ್ನ."

ಬಣ್ಣದಕ್ಕ ಮೆಲ್ಲಗೆ, "ಮೇಡಂ, ನಂಗೂ ಅದೇ ಒಂದು..." ಎಂದು ಬಾಯಿ ತೆರೆದಳು. ಡಾಕ್ಟ್ರಮ್ಮ ಕೈ ಎತ್ತಿ ತಡೆದರು. ಅವರ ಮುಖದಲ್ಲಿದ್ದ ಸಿಟ್ಟು ಎಲ್ಲಿಗೋ ಹೋಗಿತ್ತು. ನನ್ನನ್ನೇ ನೋಡುತ್ತಿದ್ದರು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

"ಭಾನುವಾರ ಬೆಳಿಗ್ಗೆ ಬಾ," ಎಂದರು. "ಬೇರೆ ಯಾರೂ ಬೇಡ."

ಕೆಲಸದಿಂದ ತೆಗೆಯಲಿಕ್ಕೇ ಇರಬೇಕು ಎಂದುಕೊಂಡೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಚಿಕ್ಕಪ್ಪ ಜಗಲಿಯ ಮೇಲೆ ಕಾಲು ಮಡಿಸಿ ಕೂತಿದ್ದ. "ನನ್ನ ಕಾಲದಲ್ಲಿ ಒಂದೇ ಒಂದು ಸ್ಲೈಡು ಕೆಟ್ಟಿರ್ಲಿಲ್ಲ ಕಣೋ. ನೀನು ಬಂದ್ಯಪ್ಪ, ನನ್ನ ಹೆಸರಿಗೇ ಮಸಿ ಬಳಿದೆ."

"ಚಿಕ್ಕಪ್ಪಾ, ನೀನು ಹೇಳಿದ ಹಾಗೇ ತೊಳೆದಿದ್ದೀನಿ."

"ಹೇಳಿದ ಹಾಗೆ ತೊಳೆದಿದ್ರೆ ಹೀಗ್ಯಾಕಾಗುತ್ತೆ?"

ಡಾಕ್ಟ್ರಮ್ಮ ಅಂದದ್ದು ಕಿವಿಗೆ ಮುಟ್ಟಿತ್ತು. ಇವನು ಅಂದದ್ದು ಎದೆಗೇ ಮುಟ್ಟಿತು. ಊಟದ ತಟ್ಟೆ ಸರಿಸಿ ಎದ್ದೆ. ಎಲ್ಲರೆದುರು ಕಳೆದದ್ದು ಎಲ್ಲರೆದುರೇ ಸಿಗಬೇಕು, ಇಲ್ಲದಿದ್ದರೆ ಆ ಲ್ಯಾಬಿನ ಮೆಟ್ಟಿಲು ಮತ್ತೆ ಹತ್ತುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದೆ.

ಭಾನುವಾರ ಡಾಕ್ಟ್ರಮ್ಮ ನನಗಿಂತ ಮೊದಲೇ ಬಂದಿದ್ದರು. ಬಿಳಿ ಕೋಟು ಹಾಕಿರಲಿಲ್ಲ. ಹಾಗಾಗಿ ಯಾರದೋ ಮನೆಯ ದೊಡ್ಡಮ್ಮನಂತೆ ಕಂಡರು.

"ನನ್ನ ಮುಂದೆ ತೊಳಿ," ಎಂದರು.

ತೊಳೆದೆ. ಹಲ್ಲು ಕಚ್ಚಿಕೊಂಡು ತೊಳೆದೆ. ಬ್ರಷ್ಷು ಹಾಕಿ ತಿಕ್ಕಿ, ಆಸಿಡ್ಡಿನಲ್ಲಿ ಅದ್ದಿ ತೆಗೆದು, ನಲ್ಲಿ ನೀರಿನಲ್ಲಿ ಜಾಲಿಸಿ, ಕೊನೆಗೆ ಬಟ್ಟಿ ಇಳಿಸಿದ ನೀರು ಹೊಯ್ದು ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ನೀರು ಹಾಳೆಯಾಗಿ ಜಾರಿತು. "ಕಂಡಿತಾ ಮೇಡಂ?" "ಕಂಡಿತು." "ಇದು?" "ಇದೂ ಕಂಡಿತು ಕಣೋ, ಮುಂದೆ ಹೋಗು."

ಎರಡೇ ಸ್ಲೈಡು. ನನ್ನ ಕೆನ್ನೆ ಮತ್ತು ಆ ಸೀಸೆ. ಬಣ್ಣದಕ್ಕ ಮಾಡುವ ಕೆಲಸವನ್ನೆಲ್ಲ ಅವತ್ತು ಡಾಕ್ಟ್ರಮ್ಮನೇ ಮಾಡಿದರು. ಔಷಧ ಹಿಡಿಯಲು ಕಾಯುವಷ್ಟು ಹೊತ್ತು ನಾವಿಬ್ಬರೂ ಸ್ಟೂಲುಗಳ ಮೇಲೆ ಕೂತಿದ್ದೆವು. ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ನಾನು ಮುಟ್ಟಲಿಲ್ಲ.

"ಇನ್ನೂ ಸಿಟ್ಟಾ?"

"ಇರ್ದೇ ಇರುತ್ತಾ ಮೇಡಂ?"

"ಇರಲಿ," ಎಂದರು. "ಚಹಾದ ಮೇಲೆ ಯಾಕೆ ತೀರಿಸ್ಕೋತೀಯ?"

ಕುಡಿದೆ. ಸಕ್ಕರೆ ಕಮ್ಮಿಯಿತ್ತು.

ಸ್ಲೈಡು ಒಣಗಿದ ಮೇಲೆ ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತುಂಬಾ ಹೊತ್ತು ಎತ್ತಲಿಲ್ಲ. ಆಮೇಲೆ ಸರಿದು, "ನೋಡು" ಎಂದರು. ಮೊದಲು ನನ್ನದು: ತಿಳಿನೀಲಿ, ಕೆರೆಯ ನೀರಿನಂತೆ ನಿರಾಳ. ನನ್ನ ಕೆನ್ನೆಗೆ ನಾನೇ ದೃಷ್ಟಿ ತೆಗೆಯಬೇಕು ಅನ್ನಿಸಿತು. ಆಮೇಲೆ ಇನ್ನೊಂದು. ಅಲ್ಲಲ್ಲಿ ಗುಂಪು ಗುಂಪಾಗಿ ಕಂದು, ಒಳಗಿನ ಬೀಜ ಉಬ್ಬಿ ಕಪ್ಪಾದ ಕೋಶಗಳು.

ಎದ್ದು ನಿಂತೇಬಿಟ್ಟೆ. "ಈಗೇನಂತೀರಾ? ಕಣ್ಣೆದುರೇ ತೊಳೆದಿದ್ದಲ್ವಾ? ನನ್ನ ಜಾಡಿ ಶುದ್ಧ ಮೇಡಂ! ಕೊಳೆ ಇರೋದು ಆ ಸೀಸೆಯೊಳಗೆ! ಯಾರದು ಅದು? ಕರೆಸಿ ಅವರನ್ನ, ಮೊದಲು ಡಾಕ್ಟ್ರಿಗೆ ತೋರಿಸ್ಕೊಳ್ಳೋಕೆ ಹೇಳಿ!"

"ಹೇಳ್ತೀನಿ," ಎಂದರು ಡಾಕ್ಟ್ರಮ್ಮ. ಸ್ಲೈಡನ್ನು ತೆಗೆದು ಬಟ್ಟೆಯ ಮೇಲಿಟ್ಟರು. "ನಂದು ಅದು."

ನನ್ನ ಸಿಟ್ಟು ಗೆದ್ದಿತ್ತು. ಗೆದ್ದ ಸಿಟ್ಟಿಗೆ ಕೂರಲು ಜಾಗ ಸಿಗಲಿಲ್ಲ.

"ಕಂದು ಬಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ," ಎಂದು ಅವರು ನನಗೆ ಸಮಾಧಾನ ಹೇಳುವಂತೆ ಹೇಳಿದರು. "ಆ ಕಡೆ ಹೊರಟಿರೋ ಗಾಡಿ ಇರಬಹುದು ಅಷ್ಟೇ. ನೋಡಿಸ್ಬೇಕು." ಒಣನಗು ನಕ್ಕರು. "ಊರಿನ ಹೆಂಗಸರಿಗೆಲ್ಲ ಬಾಯಿ ಬಡ್ಕೊಂಡು ಹೇಳ್ತೀನಿ, ಬನ್ನಿ, ಟೆಸ್ಟ್ ಮಾಡಿಸ್ಕೊಳ್ಳಿ ಅಂತ. ನಾನು ಮಾತ್ರ ಬ್ರಷ್ ಕೊಟ್ಟಿದ್ದು ಲ್ಯಾಬಿಗೆ. ಪರೀಕ್ಷೆಗೆ ಅಲ್ಲ, ನಾರ್ಮಲ್‌ಗೆ. ಸೀಸೆ ಮೇಲೆ ಆ ಪದ ಬರೆದೋಳೂ ನಾನೇ. ಒಂದು ಸಲನಾದ್ರೂ ನೋಡಿ ಬರೀಬೇಕು ಅಂತ ಹೊಳೀಲೇ ಇಲ್ಲ."

ನಾನು ಖಾಲಿ ಲೋಟವನ್ನೇ ಮತ್ತೆ ಬಾಯಿಗಿಟ್ಟೆ.

"ಎಲ್ಲರ ಮುಂದೆ ಬೈದೆ ನಿನ್ನ. ನಾಳೆ ಎಲ್ಲರ ಮುಂದೆಯೇ ಹೇಳ್ತೀನಿ. ಸೀಸೆ ಯಾರದು ಅನ್ನೋದೂ ಸೇರಿ. ಇಲ್ಲದಿದ್ರೆ ಯಾರೂ ನಂಬಲ್ಲ."

"ಹೂಂ, ಹೇಳಿ," ಎಂದೆ. ಬೇಡ ಮೇಡಂ ಎನ್ನುವಷ್ಟು ದೊಡ್ಡ ಮನಸ್ಸು ಅವತ್ತು ನನಗಿರಲಿಲ್ಲ. ನನಗೆ ಬೇಕಾಗಿದ್ದೂ ಅದೇ.

ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಮುಂಚೆ ಬಣ್ಣದ ಕೋಣೆಗೆ ಜಾಡಿ ಇಡಲು ಹೋದೆ. ಸೋಡಾಬುಡ್ಡಿ ಹಿಂದಿನ ವಾರದ ಸ್ಲೈಡುಗಳನ್ನು ನೋಡುತ್ತಿದ್ದ. ಒಂದು ಬಾಯಿಯ ಸ್ಲೈಡು ಕಂದಾಗಿತ್ತು, ಯಾರೋ ನಿವೃತ್ತ ಮೇಷ್ಟರದು. "ಛೆ, ಪಾಪ," ಎಂದ. "ಒಳ್ಳೇ ಮನುಷ್ಯರು, ಯಾವ ಚಟಾನೂ ಇಲ್ಲ." ಮುಂದಿನದು ಗರ್ಭಕೊರಳಿನದು, ಅದೂ ಕಂದು. ತುಟಿ ಓರೆ ಮಾಡಿದ. "ಇವಮ್ಮ ಎಲ್ಲಿ ತಿರುಗಿ ತಂದ್ಳೋ!"

"ಲೋ," ಎಂದಳು ಬಣ್ಣದಕ್ಕ, "ಎರಡೂ ಒಂದೇ ವೈರಸ್ಸು ಕಣೋ. ಆ ಹೆಂಗಸಿಗೆ ಗಂಡನಿಂದಲೇ ಬಂದಿರುತ್ತೆ, ಎಷ್ಟೋ ವರ್ಷ ಸುಮ್ನೆ ಒಳಗೇ ಕೂತಿರುತ್ತೆ. ಮೇಷ್ಟ್ರನ್ನ ಯಾಕೆ ಕೇಳ್ಲಿಲ್ಲ ಎಲ್ಲಿ ತಿರುಗಿದ್ರು ಅಂತ?"

"ತಮಾಷೆಗೆ ಅಂದೆ ಅಕ್ಕಾ. ನಿಮಗೆ ತಮಾಷೆನೇ ಅರ್ಥ ಆಗಲ್ಲ."

ಅಲ್ಲೇ ನಿಂತುಕೊಂಡೆ. ಕೈಯಲ್ಲಿ ಜಾಡಿಯ ತಟ್ಟೆ. ಇನ್ನು ಅರ್ಧ ಗಂಟೆಗೆ ಡಾಕ್ಟ್ರಮ್ಮ ಎದ್ದು ನಿಂತು 'ಸೀಸೆ ನಂದು' ಎನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನಲ್ಲಿ ಇದೇ ತುಟಿ ಓರೆಯಾಗುತ್ತದೆ. ನನ್ನ ಕೈ ಶುದ್ಧವಾಗಬೇಕಾದರೆ ಅವರು ಈ ಬಾಯಿಗೆ ಬೀಳಬೇಕು. ನನ್ನ ಮಾನಕ್ಕೆ ಅವರ ಮಾನ ಬದಲಿ. ಆ ಬಾಯಿಂದ ಸಿಗುವ ಮರ್ಯಾದೆ ಯಾವನಿಗೆ ಬೇಕು?

ಮೀಟಿಂಗಿಗೆ ಎಲ್ಲರೂ ಸೇರಿದ್ದರು. ನಾನು ಎಂದೂ ಮೀಟಿಂಗಿಗೆ ಹೋದವನಲ್ಲ, ಅವತ್ತು ಗೋಡೆಗೆ ಒರಗಿ ನಿಂತೆ. ಡಾಕ್ಟ್ರಮ್ಮ ಎದ್ದರು. "ಜಾಡಿ ವಿಷಯ. ನಾನು ಇವನಿಗೆ ಅಂದಿದ್ದು ತಪ್ಪು. ಆ ಸೀಸೆ..."

"ಮೇಡಂ!" ಎಂದೆ. ಎಲ್ಲರೂ ತಿರುಗಿದರು. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂದಿತ್ತು. "ಅಂದಿದ್ದು ತಪ್ಪು ಅಂದ್ರಲ್ಲ, ಅಷ್ಟೇ ಸಾಕು. ನನಗೆ ಕೆಲಸ ಇದೆ, ಸೀಸೆ ಪುರಾಣ ಕೇಳೋಕೆ ಟೈಮಿಲ್ಲ."

ಕೆಲವರು ನಕ್ಕರು. ಡಾಕ್ಟ್ರಮ್ಮ ನಗಲಿಲ್ಲ. ನನ್ನನ್ನು ನೋಡಿದರು, ಈ ಸಲ ನನ್ನನ್ನೇ ನೋಡಿದರು. "ಸರಿ," ಎಂದರು ನಿಧಾನವಾಗಿ. "ಇವನ ಜಾಡಿಯಲ್ಲಿ ಯಾವ ದೋಷವೂ ಇರ್ಲಿಲ್ಲ. ನಾನೇ ನಿಂತು ಪರೀಕ್ಷೆ ಮಾಡಿದ್ದೀನಿ. ಎಲ್ಲರ ಮುಂದೆ ಬೈದೆ, ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ಹೊಸ ನಾರ್ಮಲ್ ಬರುತ್ತೆ. ಇನ್ಮೇಲೆ ಯಾವ ನಾರ್ಮಲ್ಲನ್ನೂ ಮೊದಲು ಪರೀಕ್ಷೆ ಮಾಡ್ದೆ ಇಡೋ ಹಾಗಿಲ್ಲ." ಕೂತರು.

ಮರುದಿನದಿಂದ ಅವರು ರಜೆ ಹಾಕಿದರು.

ಮನೆಯಲ್ಲಿ ಚಿಕ್ಕಪ್ಪ ಬಿಡಲಿಲ್ಲ. "ಕ್ಷಮೆ ಕೇಳಿದ್ರಂತೆ, ಸಂತೋಷ. ಮತ್ತೆ ತಪ್ಪು ಯಾರದ್ದಂತೆ?"

"ಸೀಸೆ ಸರಿ ಇರ್ಲಿಲ್ಲ."

"ಸೀಸೆ ತಾನಾಗೇ ಕೆಡುತ್ತೇನೋ?"

"ನನ್ನನ್ನೇನು ಕೇಳ್ತೀಯಾ? ನಾನು ಎಂಟನೇ ಕ್ಲಾಸು."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಅರ್ಧ ನಂಬಿದ, ಅರ್ಧ ಬಿಟ್ಟ. ಆ ಬಿಟ್ಟ ಅರ್ಧ ನನಗೆ ಇವತ್ತಿಗೂ ಉರಿಯುತ್ತದೆ. ಆದರೆ ಬಾಯಿ ಬಿಡಲಿಲ್ಲ. ನನ್ನಂಥ ಬಾಯಿಬಡುಕ ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಂಡು ಅರಗಿಸಿಕೊಳ್ಳುವುದು ಸಣ್ಣ ಕೆಲಸವಲ್ಲ. ಅಮ್ಮನಂತೂ ನನಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಡಾಕ್ಟ್ರಮ್ಮ ವಾಪಸು ಬಂದ ದಿನ ನೇರವಾಗಿ ನನ್ನ ನಲ್ಲಿಯ ಹತ್ತಿರ ಬಂದರು. ಸ್ವಲ್ಪ ಬಡವಾಗಿದ್ದರು. ನಡಿಗೆ ಮಾತ್ರ ಮೊದಲಿನದೇ. ಸುತ್ತ ಯಾರೂ ಇಲ್ಲವೆಂದು ನೋಡಿ ನೀರು ಜೋರಾಗಿ ಬಿಟ್ಟರು, ಮಾತು ಆಚೆ ಹೋಗದಿರಲಿ ಎಂದು.

"ಕ್ಯಾನ್ಸರ್ ಆಗಿರ್ಲಿಲ್ಲ. ಅದರ ಹಿಂದಿನ ಮೆಟ್ಟಿಲು. ಬಳೆ ಥರ ಬಗ್ಗಿಸಿದ ತಂತಿ ಇರುತ್ತೆ ಕಣೋ, ಅದಕ್ಕೆ ಕರೆಂಟು ಹರಿಸಿ ಆ ಜಾಗವನ್ನಷ್ಟೇ ಕೆತ್ತಿ ತೆಗೆದ್ರು. ಮರಗಟ್ಟಿಸಿದ್ರು, ನೋವಾಗ್ಲಿಲ್ಲ. ತೆಗೆದ ತುಂಡಿನ ಅಂಚು ನೋಡಿದ್ರು. ಅಂಚೆಲ್ಲ ಶುದ್ಧ. ಇನ್ನು ಆಗಾಗ ಹೋಗಿ ತೋರಿಸ್ಕೊಂಡ್ರೆ ಆಯ್ತು."

ನನಗಾದ ಸಮಾಧಾನವನ್ನು ತೋರಿಸಿಕೊಳ್ಳಬಾರದೆಂದು ನನ್ನ ಎಂದಿನ ಬಾಯಿ ತೆರೆದೆ. "ಅಂಚು ಶುದ್ಧ ಅಂತ ಹೇಳಿದ್ದು ಯಾವ ಲ್ಯಾಬು ಮೇಡಂ? ಅಲ್ಲಿ ಜಾಡಿ ತೊಳೆಯೋನು ಎಂಥೋನೋ ಏನೋ. ಇಲ್ಲಿಗೇ ಕಳಿಸ್ಬೇಕಿತ್ತು."

ಡಾಕ್ಟ್ರಮ್ಮ ನಲ್ಲಿ ನಿಲ್ಲಿಸಿದರು.

"ಇಲ್ಲಿಗೇ ಕಳಿಸಿದ್ದೆ," ಎಂದರು. "ಹೆಸರಿಲ್ದೆ, ಬರೀ ನಂಬರ್ ಹಾಕಿ. ಬೇರೆ ಲ್ಯಾಬಿಗೆ ಕಳಿಸಿ ಅಂದ್ರು ಆಸ್ಪತ್ರೆಯೋರು. ನಾನೇ ಒಪ್ಲಿಲ್ಲ. ನೀನು ತೊಳೆದ ಜಾಡೀಲೇ ಆಗಿದ್ದು ಅದು."

ಅಷ್ಟು ಹೇಳಿ ಹೋದರು. ನಾನು ಒದ್ದೆ ಕೈಯಲ್ಲೇ ನಿಂತಿದ್ದೆ. ತಮ್ಮ ಮೈಯ ತುಂಡು ಕೊಟ್ಟು ನಂಬಿದ್ದರು. ಊರಿಗೆ ಊರೇ ಸೇರಿ ಹಾರ ಹಾಕಿದ್ದರೂ ನನ್ನ ಬೆನ್ನು ಅವತ್ತಿನಷ್ಟು ನೆಟ್ಟಗಾಗುತ್ತಿರಲಿಲ್ಲ. ಆ ವಾರ ಬಂದಿದ್ದ ಅಷ್ಟು ನಂಬರುಗಳಲ್ಲಿ ಯಾವುದು ಅವರದ್ದೋ ನನಗೆ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ, ಎಲ್ಲವನ್ನೂ ಒಂದೇ ಥರ ತೊಳೆದಿದ್ದೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸೋಡಾಬುಡ್ಡಿ ನನ್ನ ಎದುರು ಬಂದು ಕೂತ. ಅವನ ಜೊತೆ ಮೇಲಿನ ಮಹಡಿಯ ಇಬ್ಬರು ಹುಡುಗರು, ಪಕ್ಕದ ಮೇಜಿನಲ್ಲಿ ಆಫೀಸಿನ ಗುಮಾಸ್ತೆಯರು. ಅವನಿಗೆ ಯಾವಾಗಲೂ ಜನ ಬೇಕು.

"ಏನ್ ಹೀರೋ," ಎಂದ, "ಮೇಡಂ ನಿನ್ನ ಉಳಿಸಿದ್ದು ಯಾಕೆ ಅಂತ ನಮಗೂ ಸ್ವಲ್ಪ ಹೇಳಪ್ಪ. ಲೆಕ್ಕ ಸುಲಭ. ಒಂದೋ ಜಾಡಿ ಕೊಳಕು, ಇಲ್ಲ ಸೀಸೆ ಕೊಳಕು. ಜಾಡಿ ಅಲ್ಲ ಅಂದ್ರೆ ಸೀಸೆ. ಸೀಸೆ ಅಂದ್ರೆ ನಮ್ಮಲ್ಲೇ ಯಾರೋ ಒಬ್ಬಳು." ಅವನ ದನಿ ಮೇಲೇರಿತು. ಪಕ್ಕದ ಮೇಜಿನ ಮಾತು ನಿಂತಿತು. "ಭಾನುವಾರ ನೀನಿದ್ದೆ. ನಿನಗೆ ಗೊತ್ತು. ಯಾರು ಅಂತ ಹೇಳ್ಬಿಡು, ಇಲ್ಲಿ ಎಲ್ಲರ ಮುಂದೆ ನಿನ್ನ ಕೈ ಶುದ್ಧ ಅಂತ ನಾನೇ ಒಪ್ಕೋತೀನಿ. ಹೇಳ್ಲಿಲ್ವೋ, ಕೊಳಕು ನಿಂದೇ ಅಂತ ಲೆಕ್ಕ. ಹೇಳು, ಯಾರದು?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಿವಿ ಕಾದಿತ್ತು. ಅವನಿಗೆ ಕೊಡಬಹುದಾಗಿದ್ದ ಉತ್ತರಗಳು ಒಂದರ ಮೇಲೊಂದು ನಾಲಿಗೆಯ ತುದಿಗೆ ನುಗ್ಗುತ್ತಿದ್ದವು, ಅವುಗಳಲ್ಲಿ ಕೆಲವು ತುಂಬಾ ಚೆನ್ನಾಗಿಯೂ ಇದ್ದವು.

ಊಟದ ಡಬ್ಬಿಯ ಮುಚ್ಚಳ ಹಾಕಿದೆ. ಎದ್ದು, ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಕ್ಕೆ ಸರಿಸಿ, ಅವನ ಪಕ್ಕದಿಂದಲೇ ಬಾಗಿಲ ಕಡೆಗೆ ನಡೆದುಹೋದೆ.